ಶಾರ್ತ್ರ್ ಕೆಥೆಡ್ರಲ್‌ನ ಬಣ್ಣದ ಗಾಜಿನ ಕಿಟಕಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಯಾರಿಸ್‌ಗೆ ಹೊರಟವರು ಯಾರೇ ಸಿಕ್ಕಿದರೂ ನಾನು ಹೇಳುವುದು ಒಂದೇ: ಒಂದು ದಿನ ಶಾರ್ತ್ರ್‌ಗೆ ಇಟ್ಟುಕೊಳ್ಳಿ, ಅಲ್ಲಿನ ಕೆಥೆಡ್ರಲ್ (ಬಿಷಪ್ ಇರುವ ಮುಖ್ಯ ಚರ್ಚು) ನೋಡಿ. ನಾನು ಮೂರು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಅರ್ಧ ಗಂಟೆಗೇ ಹೊರಗೆ ಬಂದಿದ್ದೆ. ಕತ್ತು ನೋವು ಬಂದಿದ್ದು ಬಿಟ್ಟರೆ ತಲೆಗೆ ಏನೂ ಹತ್ತಿರಲಿಲ್ಲ. ಎರಡನೇ ಸಲ ಒಂದೇ ಕಿಟಕಿಯ ಮುಂದೆ ಮುಕ್ಕಾಲು ಗಂಟೆ ಕೂತೆ. ಅಲ್ಲಿಂದ ಹುಚ್ಚು ಹಿಡಿಯಿತು. ಮನೆಯವರು, ಗೆಳೆಯರು, ಗೆಳೆಯರ ಗೆಳೆಯರು ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ.

ಈ ಶಾರ್ತ್ರ್ ಎಲ್ಲಿದೆ? ಹೆಸರು ಹೇಳುವುದು ಹೇಗೆ?

ಪ್ಯಾರಿಸ್‌ನಿಂದ ನೈಋತ್ಯಕ್ಕೆ ಸುಮಾರು 80-90 ಕಿ.ಮೀ. ದೂರದಲ್ಲಿರುವ ಸಣ್ಣ ಊರು. ಇಂಗ್ಲಿಷ್ ಅಕ್ಷರ ನೋಡಿದರೆ ‘ಚಾರ್ಟ್ರೆಸ್’ ಅಂತ ಓದಬೇಕೆನಿಸುತ್ತದೆ, ಆದರೆ ಫ್ರೆಂಚರ ಬಾಯಲ್ಲಿ ಅದು ‘ಶಾರ್ತ್ರ್’. ಕೊನೆಯಲ್ಲಿ ಸ್ವರ ಇಲ್ಲದೆ ನಿಲ್ಲಿಸುವುದು ನಮ್ಮ ನಾಲಿಗೆಗೆ ಕಷ್ಟ. ‘ಶಾರ್ತ್ರ’ ಅಂದರೂ ಟಿಕೆಟ್ ಕೌಂಟರಿನವರಿಗೆ ಗೊತ್ತಾಗುತ್ತದೆ. ಸುತ್ತಲೂ ಚಪ್ಪಟೆ ಬಯಲು, ಗೋಧಿ ಹೊಲ. ರೈಲಿನಿಂದ ಮೊದಲು ಕಾಣುವುದು ಹೊಲದ ಮೇಲೆ ಎದ್ದು ನಿಂತ ಎರಡು ಗೋಪುರಗಳು. ಒಂದರ ಹಾಗೆ ಇನ್ನೊಂದಿಲ್ಲ, ಎತ್ತರವೂ ಬೇರೆ.

ಯುರೋಪಿನ ಎಲ್ಲ ಹಳೇ ಚರ್ಚಿನಲ್ಲೂ ಬಣ್ಣದ ಗಾಜು ಇರುತ್ತದೆ. ಇಲ್ಲೇನು ವಿಶೇಷ?

ಇಲ್ಲಿರುವುದು ಬಹುಪಾಲು ಮೊದಲು ಕೂರಿಸಿದ ಗಾಜೇ. ಬೇರೆ ಎಷ್ಟೋ ಕಡೆ ಯುದ್ಧ, ಬೆಂಕಿ, ಆಲಿಕಲ್ಲು, ಧರ್ಮದ ಜಗಳ, ‘ಹಳೇ ಫ್ಯಾಶನ್ ಬೇಡ’ ಎನ್ನುವ ಧೋರಣೆ ಎಲ್ಲ ಸೇರಿ ಗಾಜನ್ನು ಮುಗಿಸಿಬಿಟ್ಟವು. ಈಗ ಅಲ್ಲಿ ಕಾಣುವುದರಲ್ಲಿ ಹೆಚ್ಚಿನದು 19ನೇ ಶತಮಾನದ್ದು. ಶಾರ್ತ್ರ್‌ನಲ್ಲಿ 170ಕ್ಕೂ ಹೆಚ್ಚು ಕಿಟಕಿಗಳಿವೆ. ಅವುಗಳಲ್ಲಿ ಹೆಚ್ಚಿನವು ಸರಿಸುಮಾರು 1205ರಿಂದ 1240ರ ನಡುವೆ ಮಾಡಿದವು. ಒಟ್ಟು ಗಾಜು ಸುಮಾರು 2,600 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 30x40ರ ಸೈಟು 23 ಜೋಡಿಸಿದರೆ ಎಷ್ಟಾಗುತ್ತದೋ ಅಷ್ಟು ಗಾಜು, ಗೋಡೆಯಲ್ಲಿ ನಿಲ್ಲಿಸಿದ್ದಾರೆ. ಯುನೆಸ್ಕೊ ಪಟ್ಟಿಗೆ ಇದು ಸೇರಿದ್ದು 1979ರಲ್ಲಿ.

ಎಲ್ಲ ಕಿಟಕಿಯೂ ಒಂದೇ ಕಾಲದ್ದಾ?

ಅಲ್ಲ. 1194ರ ಜೂನ್ 10ರಂದು ಅಲ್ಲಿದ್ದ ಹಳೆಯ ಚರ್ಚು ಊರಿನ ದೊಡ್ಡ ಭಾಗದ ಜೊತೆ ಸುಟ್ಟುಹೋಯಿತು. ಉಳಿದಿದ್ದು ನೆಲಮಾಳಿಗೆ ಮತ್ತು ಪಶ್ಚಿಮದ ಮುಂಭಾಗ. ಆ ಮುಂಭಾಗದಲ್ಲಿ ಮೂರು ಉದ್ದನೆಯ ಕಿಟಕಿಗಳಿದ್ದವು. 1150ರ ಆಸುಪಾಸಿನವು. ಅವು ಬೆಂಕಿಯಿಂದ ಪಾರಾಗಿ ಇವತ್ತಿಗೂ ಅದೇ ಜಾಗದಲ್ಲಿವೆ.

ಆ ಊರಿನವರಿಗೆ ಆವತ್ತು ಕಟ್ಟಡಕ್ಕಿಂತ ದೊಡ್ಡ ಚಿಂತೆ ಒಂದಿತ್ತು. ಯೇಸುವಿನ ತಾಯಿ ಮಾತೆ ಮರಿಯ (ಮೇರಿ) ಉಟ್ಟಿದ್ದೆಂದು ನಂಬಿದ್ದ ಒಂದು ಬಟ್ಟೆ ಆ ಚರ್ಚಿನಲ್ಲಿತ್ತು. 9ನೇ ಶತಮಾನದಲ್ಲಿ ರಾಜನೊಬ್ಬ ಕೊಟ್ಟಿದ್ದು. ಅದನ್ನು ನೋಡಲು ದೂರದೂರದಿಂದ ಯಾತ್ರಿಕರು ಬರುತ್ತಿದ್ದರು, ಊರಿನ ವ್ಯಾಪಾರ ನಡೆಯುತ್ತಿದ್ದುದೇ ಅವರಿಂದ. ಬಟ್ಟೆ ಸುಟ್ಟೇ ಹೋಯಿತು ಅಂದುಕೊಂಡರು. ಕೆಲವು ದಿನ ಬಿಟ್ಟು ಪಾದ್ರಿಗಳು ನೆಲಮಾಳಿಗೆಯಿಂದ ಅದನ್ನು ಹೊತ್ತು ತಂದರು ಅಂತ ಅಂದಿನ ಬರಹ ಹೇಳುತ್ತದೆ. ಅಮ್ಮನಿಗೆ ಇದಕ್ಕಿಂತ ದೊಡ್ಡ ಮನೆ ಬೇಕಾಗಿದೆ, ಅದಕ್ಕೇ ಹಳೆಯದನ್ನು ಸುಡಲು ಬಿಟ್ಟಳು ಎನ್ನುವ ಮಾತು ಹಬ್ಬಿತು. ದುಡ್ಡು ಹರಿದು ಬಂತು. ಸುಮಾರು ಮೂವತ್ತು ವರ್ಷದಲ್ಲಿ ಮುಖ್ಯ ಕಟ್ಟಡ ಎದ್ದು ನಿಂತಿತು. ಇಷ್ಟು ದೊಡ್ಡ ಕೆಥೆಡ್ರಲ್‌ಗೆ ಇದು ಬಹಳ ಬೇಗ. ಪ್ರತಿಷ್ಠಾಪನೆ ಆಗಿದ್ದು 1260ರಲ್ಲಿ.

ಗೋಥಿಕ್ ಕಟ್ಟಡಕ್ಕೂ ದೊಡ್ಡ ಕಿಟಕಿಗೂ ಏನು ಸಂಬಂಧ?

ಕಲ್ಲಿನ ಚಾವಣಿ ಭಾರವಾದದ್ದು. ಅದು ಕೆಳಗೂ ಒತ್ತುತ್ತದೆ, ಪಕ್ಕಕ್ಕೂ ತಳ್ಳುತ್ತದೆ. ಹಳೆಯ ಕಟ್ಟಡಗಳಲ್ಲಿ ಈ ತಳ್ಳಾಟ ತಡೆಯಲು ದಪ್ಪ ಗೋಡೆ ಬೇಕಿತ್ತು, ಅದರಲ್ಲಿ ಕಿಟಕಿ ಅಂದರೆ ಸಣ್ಣ ಕಿಂಡಿ ಅಷ್ಟೆ. ಶಾರ್ತ್ರ್ ಕಟ್ಟಿದ, ಗೋಥಿಕ್ ಎಂಬ ಹೊಸ ಶೈಲಿಯ ಮೇಸ್ತ್ರಿಗಳು ಚೂಪು ಕಮಾನು ತಂದರು, ಭಾರವನ್ನು ಕಂಬಗಳಿಗೆ ಇಳಿಸಿದರು. ಪಕ್ಕದ ತಳ್ಳಾಟಕ್ಕೆ ಕಟ್ಟಡದ ಹೊರಗಿನಿಂದ ಕಲ್ಲಿನ ಆಸರೆ ಕೊಟ್ಟರು, ಜಗ್ಗಿದ ಚಪ್ಪರಕ್ಕೆ ಹೊರಗಿನಿಂದ ಊರೆಗೋಲು ಕೊಟ್ಟ ಹಾಗೆ. ಆಗ ಕಂಬ ಕಂಬದ ನಡುವಿನ ಗೋಡೆಗೆ ಕೆಲಸವೇ ಇಲ್ಲ. ಅದನ್ನು ತೆಗೆದು ಗಾಜು ತುಂಬಿದರು. ಶಾರ್ತ್ರ್‌ನ ಒಳಗಿನ ಎತ್ತರ ಸುಮಾರು 36 ಮೀಟರ್. ಹತ್ತು ಮಹಡಿ ಮನೆಯಷ್ಟು ಅನ್ನಿ.

ಈ ಗಾಜನ್ನು ಮಾಡುತ್ತಿದ್ದದ್ದು ಹೇಗೆ? ಬಿಳಿ ಗಾಜಿನ ಮೇಲೆ ಬಣ್ಣ ಬಳಿಯುತ್ತಿದ್ದರಾ?

ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ. ನಾನೂ ಅಂದುಕೊಂಡಿದ್ದೆ. ಬಣ್ಣ ಗಾಜಿನ ಮೇಲಲ್ಲ, ಒಳಗೇ ಇದೆ.

12ನೇ ಶತಮಾನದ ಆರಂಭದಲ್ಲಿ ಥಿಯೋಫಿಲಸ್ ಎಂಬ ಹೆಸರಲ್ಲಿ ಬರೆದ ಸನ್ಯಾಸಿಯೊಬ್ಬ ಕುಶಲ ಕೆಲಸಗಳ ಕೈಪಿಡಿ ಬಿಟ್ಟುಹೋಗಿದ್ದಾನೆ. ಅದರಲ್ಲಿ ಗಾಜಿನ ಕೆಲಸ ಹೆಜ್ಜೆ ಹೆಜ್ಜೆಯಾಗಿ ಇದೆ. ಬೀಚ್ ಮರದ ಬೂದಿ ಎರಡು ಪಾಲು, ತೊಳೆದ ಮರಳು ಒಂದು ಪಾಲು. ಕುಲುಮೆಯಲ್ಲಿ ಕರಗಿಸಬೇಕು. ಬೂದಿ ಹಾಕಿದರೆ ಮರಳು ಕಡಿಮೆ ಶಾಖಕ್ಕೇ ಕರಗುತ್ತದೆ. ಕರಗಿದ ಪಾಕಕ್ಕೆ ಲೋಹ ಸೇರಿದರೆ ಬಣ್ಣ: ಕೋಬಾಲ್ಟ್‌ಗೆ ನೀಲಿ, ತಾಮ್ರಕ್ಕೆ ಕೆಂಪು ಇಲ್ಲವೇ ಹಸಿರು, ಮ್ಯಾಂಗನೀಸ್‌ಗೆ ನೇರಳೆ. ಆಮೇಲೆ ಕೊಳವೆಯಲ್ಲಿ ಊದಿ, ಉಬ್ಬಿದ ಗಾಜನ್ನು ಸೀಳಿ, ಹಾಳೆಯಾಗಿ ಹರಡುತ್ತಿದ್ದರು.

ಕೆಂಪಿನದು ಬೇರೆಯೇ ಕಥೆ. ತಾಮ್ರದ ಕೆಂಪು ಎಷ್ಟು ಗಾಢ ಅಂದರೆ ಹಾಳೆಯ ಪೂರಾ ದಪ್ಪಕ್ಕೂ ಅದೇ ಇದ್ದರೆ ಕಪ್ಪಾಗಿ ಕಾಣುತ್ತದೆ. ಅದಕ್ಕೆ ತಿಳಿ ಗಾಜಿನ ಜೊತೆ ತೆಳ್ಳಗಿನ ಕೆಂಪು ಪದರಗಳನ್ನು ಸೇರಿಸಿ ಊದುತ್ತಿದ್ದರು.

ಇನ್ನು ಕಿಟಕಿ ಜೋಡಿಸುವುದು. ದೊಡ್ಡ ಹಲಗೆಗೆ ಸುಣ್ಣದಂಥ ಬಿಳಿ ಬಳಿದು, ಅದರ ಮೇಲೆ ಅಳತೆಗೆ ಸರಿಯಾಗಿ ಚಿತ್ರ ಬರೆಯಬೇಕು. ಯಾವ ತುಂಡಿಗೆ ಯಾವ ಬಣ್ಣ ಅಂತ ಗುರುತು ಹಾಕಬೇಕು. ಗಾಜನ್ನು ಅದರ ಮೇಲಿಟ್ಟು, ಕಾದ ಕಬ್ಬಿಣದ ತುದಿಯಿಂದ ಗೆರೆ ಎಳೆದರೆ ಬಿರುಕು ಬಿಡುತ್ತದೆ. ಬಿಡದಿದ್ದರೆ ಎಂಜಲು ಹಚ್ಚು ಅನ್ನುತ್ತಾನೆ ಥಿಯೋಫಿಲಸ್. ಅಂಚನ್ನು ಕಬ್ಬಿಣದ ಕೊಕ್ಕೆಯಿಂದ ಚೂರುಚೂರೇ ಮುರಿದು ಸರಿಮಾಡಬೇಕು. ವಜ್ರದ ಮೊನೆಯಿಂದ ಕೊಯ್ಯುವುದು ಎಷ್ಟೋ ಕಾಲದ ನಂತರ ಬಂತು.

ಬಣ್ಣ ಬಳಿಯುವುದು ಅಂತ ಇದ್ದದ್ದು ಒಂದೇ ಕಡೆ: ಕಣ್ಣು, ಮೂಗು, ಬೆರಳು, ಬಟ್ಟೆಯ ನೆರಿಗೆ. ಸುಟ್ಟ ತಾಮ್ರದ ಪುಡಿಗೆ ಅರೆದ ಗಾಜು ಸೇರಿಸಿ, ವೈನಿನಲ್ಲೋ ಮೂತ್ರದಲ್ಲೋ ಕಲಸಿ (ಹೌದು, ಅವನು ಹಾಗೇ ಬರೆದಿದ್ದಾನೆ) ಕಂದುಗಪ್ಪು ಗೆರೆ ಎಳೆಯುತ್ತಿದ್ದರು. ಮತ್ತೆ ಗೂಡಿನಲ್ಲಿಟ್ಟು ಸುಟ್ಟರೆ ಗೆರೆ ಗಾಜಿಗೆ ಅಂಟಿಕೊಳ್ಳುತ್ತದೆ. ಕೊನೆಗೆ ತುಂಡುಗಳನ್ನು ಸೀಸದ ಪಟ್ಟಿಗಳಿಂದ ಕಟ್ಟಿ, ಸೇರುವ ಕಡೆ ತವರದ ಬೆಸುಗೆ.

ಒಂದು ಸಣ್ಣ ವಿಷಯ ಗಮನಿಸಿ. ಇಲ್ಲಿನ ರಾಜರ ಕಿರೀಟ ಸಾಮಾನ್ಯವಾಗಿ ತಲೆಯಿಂದ ಬೇರೆಯಾದ ಹಳದಿ ತುಂಡು, ನಡುವೆ ಸೀಸದ ಗೆರೆ. ಬಿಳಿ ಗಾಜಿಗೆ ಬೆಳ್ಳಿಯ ಲೇಪ ಹಚ್ಚಿ ಸುಟ್ಟು, ಬೇಕಾದಷ್ಟು ಜಾಗಕ್ಕೆ ಮಾತ್ರ ಹಳದಿ ಬರಿಸುವ ಉಪಾಯ ಫ್ರಾನ್ಸಿನಲ್ಲಿ ಶುರುವಾಗಿದ್ದು 1300ರ ಹೊತ್ತಿಗೆ. ಅಷ್ಟರಲ್ಲಿ ಶಾರ್ತ್ರ್‌ನವರ ಕೆಲಸ ಮುಗಿದಿತ್ತು.

‘ಶಾರ್ತ್ರ್ ನೀಲಿ’ಯ ಗುಟ್ಟು ಇವತ್ತಿಗೂ ಯಾರಿಗೂ ಗೊತ್ತಿಲ್ಲವಂತೆ, ಹೌದಾ?

ಗೈಡುಗಳಿಗೆ ಈ ಮಾತು ಬಹಳ ಇಷ್ಟ. ನಿಜ ಹೇಳಬೇಕೆಂದರೆ ಅದು ಕೋಬಾಲ್ಟ್. ಆದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಸುಳ್ಳಲ್ಲ. ಪಶ್ಚಿಮದ ಮೂರು ಕಿಟಕಿಗಳ ನೀಲಿ ತಿಳಿಯಾಗಿದೆ, ಬೆಳಗಿನ ಆಕಾಶದ ಹಾಗೆ. 13ನೇ ಶತಮಾನದ ಕಿಟಕಿಗಳ ನೀಲಿ ಗಾಢ. ಹಳೆಯ ನೀಲಿ ಗಾಜಿನಲ್ಲಿ ಮರದ ಬೂದಿಯ ಪೊಟ್ಯಾಶ್ ಬದಲು ಸೋಡಾ ಜಾಸ್ತಿ ಇದೆ ಅಂತ ಪರೀಕ್ಷೆಗಳು ತೋರಿಸಿವೆ. ಸೋಡಾ ಗಾಜು ಮಳೆಗೆ, ತೇವಕ್ಕೆ ಅಷ್ಟು ಬೇಗ ಕೆಡುವುದಿಲ್ಲ. ಅದಕ್ಕೇ ಅಕ್ಕಪಕ್ಕದ ಬೇರೆ ಬಣ್ಣಗಳು ಮಂಕಾದರೂ ನೀಲಿ ಮಾತ್ರ ಹೊಸದರ ಹಾಗೆ ಹೊಳೆಯುತ್ತದೆ. ಗುಟ್ಟು ಇದ್ದರೆ ಇಷ್ಟೇ.

ಹಳೆಯ ಗಾಜು ನಿಧಾನಕ್ಕೆ ಕೆಳಗೆ ಹರಿಯುತ್ತದೆ, ಅದಕ್ಕೇ ಕೆಳ ಅಂಚು ದಪ್ಪ ಅಂತ ಸ್ಕೂಲಲ್ಲಿ ಹೇಳಿಕೊಟ್ಟಿದ್ದರು…

ನನಗೂ ಹೇಳಿಕೊಟ್ಟಿದ್ದರು. ಸುಳ್ಳು. ಮನೆಯೊಳಗಿನ ಶಾಖದಲ್ಲಿ ಗಾಜು ಕಣ್ಣಿಗೆ ಕಾಣುವಷ್ಟು ಹರಿಯಲು ಎಂಟು ನೂರು ವರ್ಷ ಏನೇನೂ ಸಾಲದು. ಬಾಯಿಂದ ಊದಿದ ಗಾಜಿನ ಹಾಳೆ ಎಲ್ಲ ಕಡೆ ಒಂದೇ ದಪ್ಪ ಬರುವುದಿಲ್ಲ ಅಷ್ಟೆ. ದಪ್ಪ ಅಂಚು ಮೇಲೆ ಇರುವ ತುಂಡುಗಳೂ, ಪಕ್ಕಕ್ಕೆ ಇರುವ ತುಂಡುಗಳೂ ಸಿಗುತ್ತವೆ.

ಕಿಟಕಿಯನ್ನು ಓದುವುದು ಹೇಗೆ? ನನಗೆ ಬರೀ ಬಣ್ಣದ ಚುಕ್ಕಿ ಕಾಣುತ್ತದೆ.

ಮೊದಲ ಸಲ ಎಲ್ಲರಿಗೂ ಹಾಗೇ. ಕೆಳಗಿನ ಸಾಲಿನ ಕಿಟಕಿ ಒಂದನ್ನು ಆರಿಸಿ. ಕಬ್ಬಿಣದ ಚೌಕಟ್ಟು ಅದನ್ನು ವೃತ್ತ, ಅರ್ಧವೃತ್ತ, ನಾಲ್ಕೆಸಳಿನ ಹೂವು, ಹೀಗೆ ಮನೆಮನೆಯಾಗಿ ಭಾಗ ಮಾಡಿರುತ್ತದೆ. ಒಂದು ಮನೆಗೆ ಒಂದು ದೃಶ್ಯ. ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ, ಪ್ರತಿ ಸಾಲಿನಲ್ಲಿ ಎಡದಿಂದ ಬಲಕ್ಕೆ ಓದಬೇಕು. ನಾವು ಕಾಮಿಕ್ಸ್ ಓದುವುದು ಮೇಲಿಂದ ಕೆಳಕ್ಕೆ ಅಲ್ವಾ, ಅದಕ್ಕೇ ತಲೆ ಗೊಂದಲವಾಗುತ್ತದೆ. ಈ ಕ್ರಮ ಮುರಿಯುವ ಕಿಟಕಿಗಳೂ ಇವೆ.

ಕೆಲವು ಕಿಟಕಿಗಳು ಎರಡು ಕಥೆಗಳನ್ನು ಸೇರಿಸುತ್ತವೆ. ಒಳ್ಳೆಯ ಸಮಾರಿಯದವನ ಕಿಟಕಿಯಲ್ಲಿ ಕೆಳಗೆ ಯೇಸು ಹೇಳಿದ ಕಥೆ: ಕಳ್ಳರ ಕೈಗೆ ಸಿಕ್ಕು ದಾರಿಯಲ್ಲಿ ಬಿದ್ದವನದು, ಅವನನ್ನು ಎತ್ತಿ ಉಳಿಸಿದ ಸಮಾರಿಯದವನದು. ಮೇಲೆ ಹೋದಂತೆ ಮೊದಲ ಮನುಷ್ಯರಾದ ಆದಾಮ, ಏವೆ, ಹಣ್ಣು, ತೋಟದಿಂದ ಹೊರದಬ್ಬಿದ್ದು. ದಾರಿಯಲ್ಲಿ ಬಿದ್ದವನು ಬೇರಾರೂ ಅಲ್ಲ, ಮನುಷ್ಯಕುಲವೇ ಎನ್ನುವುದು ಅಂದಿನ ಪಾದ್ರಿಗಳ ವ್ಯಾಖ್ಯಾನ. ಅದನ್ನು ಒಂದಕ್ಷರ ಬರೆಯದೆ ಗಾಜಿನಲ್ಲೇ ಹೇಳಿದ್ದಾರೆ.

ಓದು ಬಾರದ ಜನರಿಗೆ ಬೈಬಲ್ ತಿಳಿಸಲು ಈ ಕಿಟಕಿಗಳನ್ನು ಮಾಡಿದರು ಅನ್ನುತ್ತಾರಲ್ಲ?

ಅರ್ಧ ಸತ್ಯ. ನಾನು ಬೈನಾಕ್ಯುಲರ್ ಹಿಡಿದು, ಕೈಯಲ್ಲಿ ಪುಸ್ತಕ ಇಟ್ಟುಕೊಂಡು ಎಷ್ಟೋ ಮನೆಗಳಲ್ಲಿ ತಡವರಿಸಿದ್ದೇನೆ. ಕಥೆ ಮೊದಲೇ ಗೊತ್ತಿದ್ದವರಿಗೆ ಮಾತ್ರ ಚಿತ್ರ ಬಾಯಿ ಬಿಡುತ್ತದೆ. ಹೇಳಿಕೊಡಲು ಪಾದ್ರಿ ಪಕ್ಕದಲ್ಲಿ ಇರಬೇಕಿತ್ತು. ಮೇಲಿನ ಸಾಲಿನ ಕಿಟಕಿಗಳಲ್ಲಿ ಅದಕ್ಕೇ ಕಥೆ ಕಡಿಮೆ, ಒಬ್ಬೊಬ್ಬರೇ ದೊಡ್ಡದಾಗಿ ನಿಂತ ಸಂತರು ಜಾಸ್ತಿ. ನನ್ನ ಮಟ್ಟಿಗೆ ಕಥೆ ಎರಡನೆಯದು. ಒಳಗೆ ಕಾಲಿಟ್ಟ ಕೂಡಲೇ ಹೊರಗಿನ ಹಗಲು ಬೇರೆ, ಇಲ್ಲಿನ ಹಗಲು ಬೇರೆ ಅನಿಸಬೇಕು. ಅದು ಇಂದಿಗೂ ಅನಿಸುತ್ತದೆ.

ಇಷ್ಟೆಲ್ಲಕ್ಕೆ ದುಡ್ಡು ಕೊಟ್ಟವರು ಯಾರು?

ರಾಜಮನೆತನ, ಸಾಮಂತರು, ಪಾದ್ರಿಗಳು. ಇವರ ಲಾಂಛನ, ಚಿತ್ರ ಎಲ್ಲ ಕಿಟಕಿಗಳಲ್ಲಿವೆ. ಆದರೆ ಜನರನ್ನು ಹಿಡಿದು ನಿಲ್ಲಿಸುವುದು ಕಸುಬುದಾರರ ಚಿತ್ರಗಳು. ನಲವತ್ತರಷ್ಟು ಕಿಟಕಿಗಳಲ್ಲಿ, ಹೆಚ್ಚಾಗಿ ಕೆಳ ಅಂಚಿನಲ್ಲಿ, ಊರಿನ ದುಡಿಯುವ ಮಂದಿ ಇದ್ದಾರೆ. ಬ್ರೆಡ್ ಮಾಡುವವರು, ಚಮ್ಮಾರರು, ಕಟುಕರು, ಕಲ್ಲುಕುಟಿಕರು, ಬಡಗಿಗಳು, ನಾಣ್ಯ ಬದಲಿಸಿಕೊಡುವವರು, ನೀರು ಹೊರುವವರು. ಷಾರ್ಲಮೇನ್ ರಾಜನ ಕಿಟಕಿಯ ಬುಡದಲ್ಲಿ ತುಪ್ಪಳದ ವ್ಯಾಪಾರಿಯೊಬ್ಬ ಗಿರಾಕಿಗೆ ತುಪ್ಪಳದ ಒಳಪದರವಿರುವ ನಿಲುವಂಗಿ ಬಿಡಿಸಿ ತೋರಿಸುತ್ತಿದ್ದಾನೆ. ಚಿಕ್ಕಪೇಟೆಯಲ್ಲಿ ಸೀರೆಯ ಸೆರಗು ಹರಡುವ ಅಂಗಡಿಯವನದೇ ಕೈ ಅದು.

ಇವರೆಲ್ಲ ಚಂದಾ ಎತ್ತಿ ಕಿಟಕಿ ಕೊಟ್ಟರು ಅಂತ ಬಹಳ ಕಾಲ ನಂಬಿದ್ದರು. ಈಗ ಕೆಲವು ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಪಾದ್ರಿಗಳಿಗೂ ಊರಿನ ವ್ಯಾಪಾರಿಗಳಿಗೂ ತೆರಿಗೆ, ಅಧಿಕಾರದ ವಿಷಯದಲ್ಲಿ ಜಟಾಪಟಿ ಇತ್ತು. ಊರೆಲ್ಲ ಒಂದಾಗಿ ಚರ್ಚಿಗೆ ಕೊಡುತ್ತಿದೆ ಎನ್ನುವ ಚಿತ್ರ ಪಾದ್ರಿಗಳಿಗೇ ಬೇಕಿತ್ತು ಅಂತ ಅವರ ವಾದ. ಕೊಟ್ಟವರು ಯಾರೇ ಇರಲಿ, 13ನೇ ಶತಮಾನದ ಸಾಮಾನ್ಯ ಜನ ಕೆಲಸದಲ್ಲಿ ತೊಡಗಿರುವುದನ್ನು ಇಷ್ಟು ಹತ್ತಿರದಿಂದ ನೋಡಲು ಬೇರೆ ಜಾಗ ಕಡಿಮೆ.

ಕಿಟಕಿ ಮಾಡಿದವರ ಹೆಸರು ಗೊತ್ತಾ?

ಶಾರ್ತ್ರ್‌ನಲ್ಲಿ ಒಬ್ಬರ ಸಹಿಯೂ ಇಲ್ಲ. ತಮಾಷೆ ಅಂದರೆ ರೂಆನ್ ಊರಿನ ಕೆಥೆಡ್ರಲ್‌ನಲ್ಲಿ, ಯೋಸೇಫನ ಕಥೆಯ ಕಿಟಕಿಯಲ್ಲಿ, ‘ಶಾರ್ತ್ರ್‌ನ ಗಾಜಿನ ಕೆಲಸಗಾರ ಕ್ಲೆಮೆಂಟ್’ ಎಂಬ ಸಹಿ ಇದೆ. ತವರಿನಲ್ಲಿ ಹೆಸರು ಹಾಕದವನು ಪರಊರಿಗೆ ಹೋಗಿ ಹಾಕಿದ್ದಾನೆ.

ಆ ದುಂಡನೆಯ ದೊಡ್ಡ ಕಿಟಕಿಗಳ ಬಗ್ಗೆ ಹೇಳಿ.

ಅವಕ್ಕೆ ರೋಸ್ ಕಿಟಕಿ ಅನ್ನುತ್ತಾರೆ. ಮೂರಿವೆ. ಪಶ್ಚಿಮದ್ದರಲ್ಲಿ ಕೊನೆಯ ತೀರ್ಪಿನ ದಿನ, ಅಂದರೆ ಲೋಕದ ಕೊನೆಗೆ ದೇವರು ಎಲ್ಲರ ನ್ಯಾಯ ತೀರಿಸುವ ದಿನದ ಚಿತ್ರ. ಅಡ್ಡಳತೆ ಸುಮಾರು 12 ಮೀಟರ್.

ಉತ್ತರ ಮತ್ತು ದಕ್ಷಿಣದವು ಎದುರುಬದುರು, ಅವುಗಳಲ್ಲಿ ಸ್ವಲ್ಪ ರಾಜಕೀಯವೂ ಇದೆ. ಉತ್ತರದ ರೋಸ್‌ನಲ್ಲಿ ನಡುವೆ ಮಾತೆ ಮರಿಯ, ಸುತ್ತ ಪಾರಿವಾಳ, ದೇವದೂತರು, ಹಳೆ ಒಡಂಬಡಿಕೆಯ (ಬೈಬಲ್‌ನ ಮೊದಲ ಭಾಗದ) ರಾಜರು. ಅದರ ಕೆಳಗೆ ಫ್ರಾನ್ಸಿನ ಹೂವಿನ ಲಾಂಛನ, ಸ್ಪೇನಿನ ಕ್ಯಾಸ್ಟಿಲ್ ರಾಜ್ಯದ ಕೋಟೆಯ ಲಾಂಛನ. ಅಂದರೆ ಬಾಲಕ ರಾಜ 9ನೇ ಲೂಯಿಯ ಪರವಾಗಿ ಆಳುತ್ತಿದ್ದ ತಾಯಿ, ಕ್ಯಾಸ್ಟಿಲ್‌ನಿಂದ ಬಂದ ಬ್ಲಾಂಶ್ ಕಡೆಯವರದು. ದಕ್ಷಿಣದ್ದು ಪಿಯರ್ ಮೋಕ್ಲೆರ್ ಎಂಬ ಸಾಮಂತನ ಮನೆಯದು. ಈತ ಅದೇ ಬ್ಲಾಂಶ್ ವಿರುದ್ಧ ದಂಗೆ ಎದ್ದವನು! ಇಬ್ಬರ ಕಾಣಿಕೆಯೂ ಒಂದೇ ಸೂರಿನಡಿ, ಮುಖಕ್ಕೆ ಮುಖ ಕೊಟ್ಟು ನಿಂತಿವೆ.

ದಕ್ಷಿಣ ರೋಸ್‌ನ ಕೆಳಗೆ ನೋಡಲೇಬೇಕಾದದ್ದು ಒಂದಿದೆ. ಯೇಸುವಿನ ಕಥೆ ಬರೆದ ಮತ್ತಾಯ, ಮಾರ್ಕ, ಲೂಕ, ಯೋಹಾನ, ಈ ನಾಲ್ವರೂ ಯೆಶಾಯ, ದಾನಿಯೇಲರಂಥ ಹಳೆಯ ಪ್ರವಾದಿಗಳ ಹೆಗಲ ಮೇಲೆ ಕೂತಿದ್ದಾರೆ. ಜಾತ್ರೆಯಲ್ಲಿ ಅಪ್ಪನ ಹೆಗಲೇರಿದ ಮಕ್ಕಳ ಹಾಗೆ, ಕಾಲು ಇಳಿಬಿಟ್ಟುಕೊಂಡು. ಪ್ರವಾದಿಗಳು ದೊಡ್ಡವರು, ಮೇಲೆ ಕೂತವರು ಚಿಕ್ಕವರು. ಆದರೆ ಮೇಲಿದ್ದವರಿಗೆ ದೂರ ಕಾಣುತ್ತದೆ. ‘ದೈತ್ಯರ ಹೆಗಲ ಮೇಲಿನ ಕುಬ್ಜರು ನಾವು’ ಎಂಬ ಮಾತನ್ನು 12ನೇ ಶತಮಾನದಲ್ಲಿ ಹೇಳಿದನೆನ್ನುವ ಬರ್ನಾರ್ಡ್ ಇದೇ ಶಾರ್ತ್ರ್‌ನ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು.

‘ನೀಲಿ ಮೇರಿ’ ಅಂತ ಒಂದು ಕಿಟಕಿ ಪ್ರಸಿದ್ಧವಂತೆ?

ಫ್ರೆಂಚಿನಲ್ಲಿ ಬೆಲ್ ವೆರಿಯೆರ್, ಅಂದರೆ ಚೆಂದದ ಗಾಜು. ಪೂಜೆ ನಡೆಯುವ ಪೀಠವನ್ನು ಸುತ್ತುವ ಓಣಿಯಲ್ಲಿ, ದಕ್ಷಿಣದ ಬದಿಗೆ ಇದೆ. ಮೇರಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡ ನಡುವಿನ ಭಾಗ ಸುಮಾರು 1180ರದು. ಬೆಂಕಿಯಿಂದ ಉಳಿದದ್ದನ್ನು ಜೋಪಾನ ಮಾಡಿ, ಹೊಸ ಕಟ್ಟಡದಲ್ಲಿ ಸುತ್ತ ದೇವದೂತರನ್ನು ಸೇರಿಸಿ ಕೂರಿಸಿದರು. ಕೆಂಪು ಹಿನ್ನೆಲೆ, ತಿಳಿನೀಲಿ ಬಟ್ಟೆ. ಹಳೆಯ ಗಾಜು ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಗುತ್ತದೆ ಅಂತ ನೀಲಿ ಬಣ್ಣ ನೋಡಿಯೇ ಹೇಳಬಹುದು. ಬುಡದಲ್ಲಿ ಕಾನಾ ಊರಿನ ಮದುವೆ, ನೀರು ವೈನ್ ಆದ ಕಥೆ.

ಎರಡು ಮಹಾಯುದ್ಧ ದಾಟಿ ಗಾಜು ಉಳಿದದ್ದು ಹೇಗೆ?

ಬಿಚ್ಚಿಟ್ಟರು. ಕಿಟಕಿ ಅಂದರೆ ಒಂದೇ ಹಾಳೆಯಲ್ಲ. ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿದ ಸಣ್ಣ ಸಣ್ಣ ಫಲಕಗಳು. ಒಂದೊಂದಾಗಿ ತೆಗೆಯಬಹುದು. 1918ರಲ್ಲಿ ಒಮ್ಮೆ ತೆಗೆದು ಅನುಭವವಾಗಿತ್ತು. 1939ರಲ್ಲಿ ಯುದ್ಧ ಶುರುವಾಗುತ್ತಿದ್ದಂತೆ ಮತ್ತೆ ಎಲ್ಲ ಇಳಿಸಿ, ಪೆಟ್ಟಿಗೆಯಲ್ಲಿ ತುಂಬಿ, ಮೊದಲು ನೆಲಮಾಳಿಗೆಯಲ್ಲಿಟ್ಟು ಆಮೇಲೆ ದೂರದ ದೊರ್ದೋನ್ ಪ್ರದೇಶಕ್ಕೆ ಸಾಗಿಸಿದರು. ಯುದ್ಧ ಮುಗಿದ ಮೇಲೆ ಒಂದೊಂದು ಫಲಕವೂ ತನ್ನ ಜಾಗಕ್ಕೆ ವಾಪಸು ಬಂತು.

ಕಟ್ಟಡ ಉಳಿದ ಕಥೆ ಬೇರೆ. 1944ರ ಆಗಸ್ಟ್ 16. ಗೋಪುರದಲ್ಲಿ ಜರ್ಮನ್ ಸೈನಿಕರು ಕೂತು ನೋಡುತ್ತಿದ್ದಾರೆಂಬ ಅನುಮಾನದಿಂದ ಅಮೆರಿಕದ ಸೇನೆ ಅದರ ಮೇಲೆ ಫಿರಂಗಿ ಹಾರಿಸುವುದರಲ್ಲಿತ್ತು. ಕರ್ನಲ್ ವೆಲ್ಬರ್ನ್ ಗ್ರಿಫಿತ್ ಎಂಬ ಅಧಿಕಾರಿ, ನಾನೇ ಹೋಗಿ ನೋಡಿ ಬರುತ್ತೇನೆ ಅಂದ. ಗೋಪುರ ಹತ್ತಿದ. ಯಾರೂ ಇರಲಿಲ್ಲ. ಫಿರಂಗಿ ನಿಂತಿತು. ಅದೇ ದಿನ ಪಕ್ಕದ ಲೆವ್ ಎಂಬ ಹಳ್ಳಿಯಲ್ಲಿ ನಡೆದ ಕಾಳಗದಲ್ಲಿ ಅವನು ಸತ್ತ.

ಅದಕ್ಕೂ ಮುಂಚೆ 1836ರಲ್ಲಿ ಚಾವಣಿಯ ಮೇಲಿನ ಮರದ ಸೂರು ಪೂರಾ ಸುಟ್ಟಿತ್ತು. ಒಳಗಿನ ಕಲ್ಲಿನ ಚಾವಣಿ ತಡೆದುಕೊಂಡಿತು, ಗಾಜು ಉಳಿಯಿತು. ಈಗಿರುವ ಸೂರು ಎರಕದ ಕಬ್ಬಿಣದ್ದು, ಮೇಲೆ ತಾಮ್ರದ ಹೊದಿಕೆ. ದೂರದಿಂದಲೇ ಅದರ ಹಸಿರು ಬಣ್ಣ ಗೊತ್ತಾಗುತ್ತದೆ.

ಹಾಗಾದರೆ ಏನೂ ಹಾಳಾಗಿಲ್ಲವಾ?

ಆಗಿದೆ. ಶತ್ರುಗಳಿಗಿಂತ ಮನೆಯವರೇ ಹಾಳು ಮಾಡಿದ್ದು ಹೆಚ್ಚು. 18ನೇ ಶತಮಾನದಲ್ಲಿ ಪಾದ್ರಿಗಳಿಗೆ ಪೀಠದ ಬಳಿ ಕತ್ತಲೆ ಅನಿಸಿತು. ಹೊಸ ಅಮೃತಶಿಲೆಯ ಮೂರ್ತಿ ಚೆನ್ನಾಗಿ ಕಾಣಲಿ ಅಂತ ಕೆಲವು ಬಣ್ಣದ ಗಾಜು ತೆಗೆಸಿ ಬಿಳಿ ಗಾಜು ಹಾಕಿಸಿದರು. ಓದುವಾಗ ನನಗೆ ಸಿಟ್ಟೇ ಬಂತು. 20ನೇ ಶತಮಾನದಲ್ಲಿ ಕೆಲವು ಖಾಲಿ ಜಾಗಗಳಿಗೆ ಹೊಸ ಕಿಟಕಿ ಬಂದಿವೆ. 1954ರ ಸಂತ ಫುಲ್ಬರ್ಟ್ ಕಿಟಕಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಘದ ಕೊಡುಗೆ.

ಇನ್ನೊಂದು ಶತ್ರು ನೀರು. ಬೂದಿಯಿಂದ ಮಾಡಿದ ಗಾಜಿನಲ್ಲಿ ಪೊಟ್ಯಾಶ್ ಇರುತ್ತದಲ್ಲ, ತೇವ ಅದನ್ನು ಮೆಲ್ಲಗೆ ಎಳೆದುಕೊಳ್ಳುತ್ತದೆ. ಗಾಜಿನ ಹೊರಮೈ ಸಿಡುಬು ಎದ್ದ ಮುಖದಂತೆ ಗುಳಿ ಬೀಳುತ್ತದೆ, ಮೇಲೆ ಬೂದುಬಣ್ಣದ ಹೆಕ್ಕಳೆ ಕಟ್ಟುತ್ತದೆ. ಹೊಗೆ, ಮಸಿ ಸೇರಿದರೆ ಇನ್ನೂ ಕೆಟ್ಟದು. ಅದಕ್ಕೆ ಈಗ ಹೊರಗಡೆ ಮತ್ತೊಂದು ಸಾದಾ ಗಾಜು ನಿಲ್ಲಿಸಿ, ಹಳೆಯ ಗಾಜನ್ನು ಗಾಳಿಯಾಡುವಂತೆ ಸ್ವಲ್ಪ ಒಳಗೆ ಕೂರಿಸುತ್ತಾರೆ. ಮಳೆ ಹೊಸ ಗಾಜಿನ ಮೇಲೆ ಬೀಳುತ್ತದೆ, ಹಳೆಯದು ಬೆಚ್ಚಗಿರುತ್ತದೆ.

ಸ್ವಚ್ಛ ಮಾಡಿದ್ದರ ಬಗ್ಗೆ ದೊಡ್ಡ ಜಗಳವಾಯಿತಂತೆ?

ಎರಡು ಸಲ. 1970ರ ದಶಕದಲ್ಲಿ ಪಶ್ಚಿಮದ ಮೂರು ಕಿಟಕಿಗಳನ್ನು ತೊಳೆದು, ಹೊರಮೈಗೆ ರಾಳದಂಥ ಲೇಪ ಹಚ್ಚಿದರು. ಬಣ್ಣ ಸತ್ತಿತು ಅಂತ ಕಲಾವಿದರು ಕೂಗೆಬ್ಬಿಸಿದರು. ಇತ್ತೀಚಿನದು ಗೋಡೆಯ ಜಗಳ. ಸುಮಾರು 2009ರಿಂದ ಒಳಗಿನ ಗೋಡೆ, ಕಂಬಗಳ ಮಸಿ ತೆಗೆದು, ಅಡಿಯಲ್ಲಿ ಸಿಕ್ಕ 13ನೇ ಶತಮಾನದ ಬಣ್ಣದ ಗುರುತು ನೋಡಿ, ತೆಳು ಕಾವಿ-ಕೆನೆ ಬಣ್ಣ ಬಳಿಯುತ್ತಾ ಬಂದಿದ್ದಾರೆ. ಕತ್ತಲಿದ್ದರೆ ತಾನೇ ಗಾಜು ಹೊಳೆಯುವುದು ಅಂತ ವಿರೋಧಿಗಳು. ಆ ಕತ್ತಲು ಮೂಲದ್ದಲ್ಲ, ಮೇಣದಬತ್ತಿಯ ಹೊಗೆ ಅಂತ ಕೆಲಸ ಮಾಡಿಸಿದವರು.

ನನ್ನ ಮಾತು ಕೇಳಿದರೆ: ಮೊದಲ ಸಲ ಹೋದಾಗ ಇನ್ನೂ ಕಪ್ಪಾಗಿದ್ದ ಭಾಗ ನೋಡಿದ್ದೇನೆ. ಕಿಟಕಿಗಳು ಗಾಳಿಯಲ್ಲಿ ತೇಲುತ್ತಿದ್ದಂತೆ ಕಾಣುತ್ತಿದ್ದವು. ಈಗ ತೇಲುವುದಿಲ್ಲ. ಆದರೆ ತೊಳೆದ ಗಾಜಿನ ಮನೆಮನೆಯೂ ಸ್ಪಷ್ಟವಾಗಿ ಓದಲು ಸಿಗುತ್ತದೆ. ಎರಡೂ ಬೇಕು ಅಂದರೆ ಹೇಗೆ? ಸಿಟ್ಟಾದವರ ಸಂಕಟ ಅರ್ಥವಾಗುತ್ತದೆ, ಆದರೂ ನಾನು ತೊಳೆದವರ ಕಡೆ.

ಇಂಥ ಗಾಜು ನಮ್ಮ ಕರ್ನಾಟಕದಲ್ಲಿ ನೋಡಬಹುದಾ?

ಇಷ್ಟು ಹಳೆಯದು ಇಲ್ಲ. ಆದರೆ ಮೈಸೂರಿನ ಸಂತ ಫಿಲೋಮಿನಾ ಚರ್ಚು ಗೋಥಿಕ್ ಮಾದರಿಯದು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ್ದು. ಯೇಸುವಿನ ಹುಟ್ಟು, ಕೊನೆಯ ಭೋಜನ, ಶಿಲುಬೆ ತೋರಿಸುವ ಅದರ ಗಾಜು ಫ್ರಾನ್ಸಿನಿಂದಲೇ ಬಂದಿದೆ. ದೇವರೇ ಇಲ್ಲದ ಬಣ್ಣದ ಗಾಜು ಬೇಕಾದರೆ ಅರಮನೆಯ ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿ ನವಿಲುಗಳನ್ನು ನೋಡಿ.

ಯಾವ ಹೊತ್ತಿಗೆ ಹೋಗಬೇಕು? ಏನು ಒಯ್ಯಬೇಕು?

ಪ್ಯಾರಿಸ್‌ನ ಮೊಂಪಾರ್ನಾಸ್ ಸ್ಟೇಷನ್ನಿನಿಂದ ರೈಲು, ಒಂದು ಗಂಟೆಯ ಮೇಲೆ ಸ್ವಲ್ಪ. ಇಳಿದ ಮೇಲೆ ಹತ್ತು ನಿಮಿಷದ ನಡಿಗೆ. ಒಳಗೆ ಹೋಗಲು ದುಡ್ಡಿಲ್ಲ. ಬಲಿಪೂಜೆ, ಅಂದರೆ ಚರ್ಚಿನ ಪ್ರಾರ್ಥನೆ, ನಡೆಯುವಾಗ ಸುಮ್ನೆ ಒಂದು ಕಡೆ ಕೂತುಬಿಡಿ.

ಬೆಳಿಗ್ಗೆ ಪೂರ್ವ ಮತ್ತು ದಕ್ಷಿಣದ ಕಿಟಕಿಗಳು, ಸಂಜೆ ಪಶ್ಚಿಮದ ಮೂರು. ಹಾಗಾಗಿ ಬೆಳಿಗ್ಗೆ ಹೋಗಿ, ಊಟ ಮಾಡಿ, ಸಂಜೆ ಮತ್ತೆ ಒಳಗೆ ಬನ್ನಿ. ಮೋಡ ಕವಿದಿದೆ ಅಂತ ಬೇಜಾರು ಬೇಡ. ಮೋಡದ ದಿನ ಯಾವ ಬಣ್ಣವೂ ಕಣ್ಣು ಕುಕ್ಕುವುದಿಲ್ಲ, ಗೆರೆಗಳು ಚೆನ್ನಾಗಿ ಕಾಣುತ್ತವೆ. ಬೈನಾಕ್ಯುಲರ್ ಖಂಡಿತ ಇರಲಿ, ಕಡಿಮೆ ಬೆಲೆಯದಾದರೂ ಸಾಕು. ಸ್ವೆಟರ್ ಕೂಡ. ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತದೆ.

ಮೊಬೈಲಿನಲ್ಲಿ ಫೋಟೊ ತೆಗೆಯುವಾಗ ಪರದೆಯಲ್ಲಿ ಕಿಟಕಿ ಕಾಣುವ ಕಡೆ ಬೆರಳಿಟ್ಟು ಬೆಳಕು ಕಡಿಮೆ ಮಾಡಿಕೊಳ್ಳಿ. ಇಲ್ಲದಿದ್ದರೆ ಗೋಡೆ ಚೆನ್ನಾಗಿ ಬರುತ್ತದೆ, ಕಿಟಕಿ ಬಿಳಿ ಬಟ್ಟೆಯಾಗುತ್ತದೆ. ಫ್ಲ್ಯಾಶ್ ಹಾಕಿ ಪ್ರಯೋಜನವಿಲ್ಲ.

ಜೂನ್ 21ರ ಆಸುಪಾಸು ಹೋದರೆ ಮಧ್ಯಾಹ್ನ ಶಿಲುಬೆಯಾಕಾರದ ಕಟ್ಟಡದ ದಕ್ಷಿಣದ ತೋಳಿನಲ್ಲಿ ಜನ ನೆಲ ನೋಡುತ್ತಾ ನಿಂತಿರುತ್ತಾರೆ. ಸಂತ ಅಪೊಲಿನೇರ್ ಕಿಟಕಿಯಲ್ಲಿ ಒಂದು ಸಣ್ಣ ಬಿಳಿ ಕಿಂಡಿ ಬಿಟ್ಟಿದ್ದಾರೆ. ಅದರೊಳಗಿಂದ ಬಿಸಿಲಿನ ಚುಕ್ಕೆ ಬಂದು ನೆಲದ ಒಂದು ಕಲ್ಲಿನ ಮೇಲಿನ ಲೋಹದ ಮೊಳೆಯನ್ನು ಮುಟ್ಟುತ್ತದೆ.

ಮಕ್ಕಳಿಗೆ ಬೋರ್ ಆಗುವುದಿಲ್ಲವಾ?

ರಾಶಿಗಳ ಕಿಟಕಿ ತೋರಿಸಿ. ಹನ್ನೆರಡು ರಾಶಿ, ಪಕ್ಕದಲ್ಲಿ ಆಯಾ ತಿಂಗಳ ಕೆಲಸ. ಫೆಬ್ರವರಿಯವನು ಬೆಂಕಿ ಕಾಯಿಸಿಕೊಳ್ಳುತ್ತಾನೆ, ಮಾರ್ಚಿಯವನು ದ್ರಾಕ್ಷಿ ಬಳ್ಳಿ ಕತ್ತರಿಸುತ್ತಾನೆ, ಜುಲೈಯವನು ಗೋಧಿ ಕೊಯ್ಯುತ್ತಾನೆ. ಅವರವರ ರಾಶಿ ಹುಡುಕಲು ಬಿಟ್ಟರೆ ಅರ್ಧ ಗಂಟೆ ನಿಮಗೆ ಬಿಡುವು.

ಟೈಮೇ ಇಲ್ಲ, ಒಂದೇ ಒಂದು ಕಿಟಕಿ ನೋಡಬೇಕು. ಯಾವುದು?

ಬೈಬಲ್‌ನ ಪ್ರಳಯದ ಕಥೆಯ ನೋಹನದು. ಬಾಗಿಲಿನಿಂದ ಒಳಗೆ ಬಂದರೆ ಎಡಗಡೆಯ ಓಣಿಯಲ್ಲಿ, ಶುರುವಿನಲ್ಲೇ ಸಿಗುತ್ತದೆ. ನಾನು ಮುಕ್ಕಾಲು ಗಂಟೆ ಕೂತದ್ದು ಇದರ ಮುಂದೆಯೇ. ನೋಹ ಕೊಡಲಿ ಹಿಡಿದು ನಾವೆ ಕಟ್ಟುತ್ತಾನೆ, ಪ್ರಾಣಿಗಳು ಜೋಡಿ ಜೋಡಿಯಾಗಿ ಹತ್ತುತ್ತವೆ, ನೀಲಿ ಅಲೆಯಲ್ಲಿ ಮುಳುಗಿದವರ ಮೈಗಳು ಒಂದರ ಮೇಲೊಂದು. ಮೇಲೆ ಕಾಮನಬಿಲ್ಲು. ಬುಡದಲ್ಲಿ ಇದ್ಯಾವುದರ ಗೊಡವೆಯೇ ಇಲ್ಲದೆ ಶಾರ್ತ್ರ್‌ನ ಮರಗೆಲಸದವರು ದುಡಿಯುತ್ತಿದ್ದಾರೆ. ಬಡಗಿ ಮರ ಸವರುತ್ತಿದ್ದಾನೆ, ಪೀಪಾಯಿ ಮಾಡುವವರು ಪೀಪಾಯಿಗೆ ಬಳೆ ಬಿಗಿಯುತ್ತಿದ್ದಾರೆ. ಗಾಡಿಚಕ್ರ ಮಾಡುವವರೂ ಇದ್ದಾರೆ. ಅವರ ಕೈಲಿರುವ ಚಕ್ರದ ಕಡ್ಡಿಗಳನ್ನು ಎಣಿಸಿ ನೋಡಿ, ಬೈನಾಕ್ಯುಲರ್ ಬೇಡ, ಬರಿಗಣ್ಣಿಗೇ ಕಾಣುವಷ್ಟು ಕೆಳಗಿವೆ.